ಬಜೆಯ ಬೇರು, ಹಲ್ಲುಪುಡಿ ಮತ್ತು ಅಳತೆಯ ಪ್ರಶ್ನೆ

ಕುಂದಾಪುರ ತಾಲ್ಲೂಕಿನ ಗುಲ್ವಾಡಿ ಗ್ರಾಮದ ಹೆಸರು ಕನ್ನಡ ವಾಚಕರಿಗೆ ಬಹುಮಟ್ಟಿಗೆ ಸಾಹಿತ್ಯದ ಮೂಲಕವೇ ಪರಿಚಿತವಾದುದು. 1899ರಲ್ಲಿ ಪ್ರಕಟವಾಗಿ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಮನ್ನಣೆಯನ್ನು ಪಡೆದ ‘ಇಂದಿರಾಬಾಯಿ’ಯ ಕರ್ತೃ ಗುಲ್ವಾಡಿ ವೆಂಕಟರಾಯರ ಹೆಸರಿನೊಡನೆ ಊರಿನ ಹೆಸರೂ ಉಳಿದುಕೊಂಡು ಬಂದಿದೆ. ಯಕ್ಷಗಾನದ ಅಭಿಮಾನಿಗಳಿಗೆ ಅಲ್ಲಿಯ ಸೌಕೂರು ದುರ್ಗಾಪರಮೇಶ್ವರಿಯ ಸನ್ನಿಧಿಯೂ ಅದರ ಮೇಳವೂ ಗೊತ್ತು. ಪ್ರಸ್ತುತ ವಿಷಯಕ್ಕೆ ಆ ಊರು ಬೇಕಾಗಿರುವುದು ಇವೆರಡಕ್ಕಿಂತ ಸಾಧಾರಣವಾದ ಕಾರಣಕ್ಕಾಗಿ. ವಾರಾಹಿ ಹೊಳೆಯ ಬದಿಯ ಇಂಥ ಗ್ರಾಮಗಳಲ್ಲಿ ಬಾಯಿಯ ಶುದ್ಧಿಗೆ ಸಂಬಂಧಿಸಿದ ಎರಡು ಬಗೆಯ ರೂಢಿಗಳು ಬಹುಕಾಲ ಅಕ್ಕಪಕ್ಕದಲ್ಲಿ ಬಾಳಿದುವು. ಒಂದು ಬಚ್ಚಲುಮನೆಯದು, ಇನ್ನೊಂದು ಬಾಣಂತಿಯ ಕೋಣೆಯದು. ಅವೆರಡನ್ನೂ ಒಂದೇ ಡಬ್ಬಿಯಲ್ಲಿ ತುಂಬಿ ಮಾರುವ ಕಾಲ ಈಗ ಬಂದಿದೆ. ಹಾಗೆ ತುಂಬುವಾಗ ಏನು ಕಳೆದುಹೋಗುತ್ತಿದೆ ಎಂಬುದನ್ನು ವಿದ್ಯಾಸಂಸ್ಥೆಗಳಿಗೆ ಸಂಬಂಧಪಟ್ಟವರು ಕಿಂಚಿತ್ತಾದರೂ ಆಲೋಚಿಸಬೇಕಾಗಿದೆ.

ಬಚ್ಚಲಿನ ರೂಢಿ ಸರಳವಾದುದು. ಮಾವಿನ ಎಲೆಯನ್ನು ಮಡಿಸಿ, ದಂಟು ಕಿತ್ತು, ಅದರಿಂದಲೇ ಹಲ್ಲನ್ನು ತಿಕ್ಕುವುದು. ಇಲ್ಲವೆ ಭತ್ತದ ಉಮಿಯನ್ನು ಸುಟ್ಟು ಮಾಡಿದ ಕರಿಗೆ ಉಪ್ಪನ್ನು ಬೆರೆಸಿ ಬೆರಳಿನಿಂದ ಉಜ್ಜುವುದು. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಇದೇ ಕೆಲಸವನ್ನು ಬೇವಿನ ಕಡ್ಡಿ, ಜಾಲಿಯ ಕಡ್ಡಿ, ಹೊಂಗೆಯ ಕಡ್ಡಿಗಳು ಮಾಡುತ್ತಿದ್ದುವು. ಇವು ಹೊತ್ತಾರೆಯ ಕೆಲಸಗಳು. ಯಾರೂ ಅಳೆದು ಮಾಡುತ್ತಿರಲಿಲ್ಲ, ಅಳೆಯುವ ಅಗತ್ಯವೂ ಇರಲಿಲ್ಲ. ಬಾಣಂತಿಯ ಕೋಣೆಯ ಮಾತು ಹಾಗಲ್ಲ. ಅಲ್ಲಿ ತೇಯುವ ಕಲ್ಲಿನ ಪಕ್ಕದಲ್ಲಿ ಬಜೆಯ ಬೇರಿನ ತುಂಡೊಂದು ಇರುತ್ತಿತ್ತು. ಅದನ್ನು ಹಾಲಿನಲ್ಲಿಯೋ ಜೇನಿನಲ್ಲಿಯೋ ಕಲ್ಲಿನ ಮೇಲೆ ತೇಯ್ದು, ಬೆರಳ ತುದಿಗೆ ಬಂದಷ್ಟನ್ನು ಕೂಸಿನ ನಾಲಿಗೆಗೆ ಹಚ್ಚುತ್ತಿದ್ದರು. ಮಾತು ಬೇಗ ಬರಲಿ, ನಾಲಿಗೆ ಶುದ್ಧವಾಗಲಿ, ಹೊಟ್ಟೆಯ ವಾಯು ಇಳಿಯಲಿ ಎಂಬುದು ಅದರ ಹಿಂದಿದ್ದ ಆಶಯ.

ಹಳೆಯ ಮೈಸೂರಿನ ಕಡೆ ಹೀಗೆ ತೇಯ್ದು ಕೊಡುವ ಮದ್ದುಗಳಿಗೆ ‘ಸುತ್ತುಖಾರ’ ಎಂಬ ಹೆಸರುಂಟು. ಆ ಪದದಲ್ಲಿರುವ ‘ಸುತ್ತು’ ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅಳಲೆಕಾಯಿ ಇಷ್ಟು ಸುತ್ತು, ಜಾಯಿಕಾಯಿ ಇಷ್ಟು ಸುತ್ತು, ಬಜೆ ಒಂದೇ ಸುತ್ತು ಎಂದು ಕಲ್ಲಿನ ಮೇಲೆ ಬೇರನ್ನು ಎಷ್ಟು ಬಾರಿ ತಿರುಗಿಸಬೇಕೆಂಬುದೇ ಅಲ್ಲಿಯ ತೂಕ. ಅಕ್ಷರ ಬಾರದ ಮುದುಕಿಯೂ ಈ ಲೆಕ್ಕವನ್ನು ತಪ್ಪುತ್ತಿರಲಿಲ್ಲ. ಬಜೆ ಹೆಚ್ಚಾದರೆ ವಾಂತಿಯಾಗುತ್ತದೆಂಬುದು ಆಕೆಗೆ ತಿಳಿದಿತ್ತು. ವೈದ್ಯಗ್ರಂಥಗಳೂ ಬಜೆಗೆ ವಾಂತಿ ತರಿಸುವ ಗುಣವಿದೆಯೆಂದೇ ಹೇಳುತ್ತವೆ. ತಮಿಳುನಾಡಿನಲ್ಲಿ ಇದೇ ಬೇರಿಗೆ ‘ಪಿಳ್ಳೈ ವಳರ್ಪಾನ್’, ಎಂದರೆ ಮಗುವನ್ನು ಬೆಳೆಸುವುದು, ಎಂಬ ಅಕ್ಕರೆಯ ಹೆಸರಿದೆ. ಅದರೊಡನೆಯೇ ‘ಪೇರ್ ಸೊಲ್ಲಾ ಮರುಂದು’, ಹೆಸರು ಹೇಳಬಾರದ ಮದ್ದು, ಎಂಬ ಇನ್ನೊಂದು ಹೆಸರೂ ಇದೆ. ಅಕ್ಕರೆಯನ್ನೂ ಅಂಜಿಕೆಯನ್ನೂ ಒಂದೇ ಬೇರಿನ ಮೇಲೆ ಇರಿಸಿಕೊಂಡ ಆ ಜನರ ವಿವೇಕ ಮೆಚ್ಚತಕ್ಕದ್ದು.

ಸಂಸ್ಕೃತದ ‘ವಚಾ’ ಎಂಬುದೇ ಕನ್ನಡದಲ್ಲಿ ಬಜೆಯಾಗಿದೆ. ವಚನ, ವಾಚಕ, ವಾಕ್ಕು ಮೊದಲಾದ ಪದಗಳ ಬಳಗಕ್ಕೇ ಸೇರಿದ ಹೆಸರು ಇದು. ಮಾತಿಗೂ ಈ ಬೇರಿಗೂ ಜನರು ಕಲ್ಪಿಸಿದ ನಂಟು ಹೆಸರಿನಲ್ಲಿಯೇ ಅಡಗಿದೆ. (ಉಡುಪಿಯ ಜನರಿಗೆ ಇಂದು ಬಜೆ ಎಂದೊಡನೆ ಮೊದಲು ನೆನಪಾಗುವುದು ನಗರಕ್ಕೆ ಕುಡಿಯುವ ನೀರನ್ನೊದಗಿಸುವ ಸ್ವರ್ಣಾ ನದಿಯ ಅಣೆಕಟ್ಟು, ಅದು ಬೇರೆ ಮಾತು.) ಸಸ್ಯಶಾಸ್ತ್ರಜ್ಞರು ಇದನ್ನು ಆಕೋರಸ್ ಕೆಲಾಮಸ್ ಎಂದು ಕರೆಯುತ್ತಾರೆ. ಬೇರು ಎಂದು ವಾಡಿಕೆಯಾದರೂ ಬಳಸುವ ಭಾಗ ವಾಸ್ತವವಾಗಿ ಕೆಸರಿನೊಳಗೆ ಅಡ್ಡಡ್ಡ ಹಬ್ಬುವ ಕಾಂಡ, ಶುಂಠಿ, ಅರಿಶಿನಗಳಂತೆಯೇ. ಅದರ ಪರಿಮಳಕ್ಕೆ ಹುಳುಗಳು ಹತ್ತಿರ ಬರುವುದಿಲ್ಲವಾದ್ದರಿಂದ ಧಾನ್ಯದ ಕಣಜಗಳಲ್ಲಿಯೂ ಓಲೆಗರಿಯ ಕಟ್ಟುಗಳ ನಡುವೆಯೂ ಇದನ್ನು ಇಡುವ ಪದ್ಧತಿ ಇತ್ತು. ಹಾಡುವವರು ಕಂಠಶುದ್ಧಿಗೆಂದು ಇದರ ಚೂರನ್ನು ದವಡೆಯಲ್ಲಿ ಇಟ್ಟುಕೊಳ್ಳುವುದೂ ಉಂಟು.

ಗುಲ್ವಾಡಿಯ ಮನೆಯ ಕಲ್ಲಿನ ಮೇಲೆ ತೇಯ್ದ ಬಜೆ ಬಹುತೇಕ ಗ್ರಂಥಿಗೆ ಅಂಗಡಿಯಿಂದ ಬಂದದ್ದು. ಆ ಅಂಗಡಿಗೆ ಅದು ಎಲ್ಲಿಂದ ಬರುತ್ತದೆ ಎಂದು ಕೇಳುವವರು ವಿರಳ. ಕರ್ನಾಟಕದಲ್ಲಿ ಬಜೆಯನ್ನು ಪರಂಪರೆಯಿಂದ ಬೆಳೆಯುವ ಸೀಮೆಯೆಂದರೆ ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು. ಮಳೆ ಅಲ್ಪವಾದ ಆ ಜಿಲ್ಲೆಯಲ್ಲಿ ನೀರು ನಿಲ್ಲುವ ಗದ್ದೆಗಳಲ್ಲಿ ಈ ಬೆಳೆ ತೆಗೆಯುತ್ತಾರೆ. ಭತ್ತಕ್ಕೆ ಮಾಡುವಂತೆಯೇ ಗದ್ದೆಯನ್ನು ಕೆಸರು ಮಾಡಿ, ಹಿಂದಿನ ಬೆಳೆಯಿಂದ ಉಳಿಸಿಕೊಂಡ, ಮೊಳಕೆಯಿರುವ ಬೇರಿನ ತುಂಡುಗಳನ್ನು ಸಾಲಾಗಿ ನೆಡುತ್ತಾರೆ. ಬುಡದಲ್ಲಿ ಸದಾ ತೇವ ಇರಬೇಕು. ಕಳೆ ಕೀಳುವ ಕೆಲಸ ಕೆಸರಿನಲ್ಲಿಯೇ ಸಾಗಬೇಕು. ವರ್ಷದ ಹತ್ತಿರ ಹತ್ತಿರ ಕಾಯ್ದು, ಎಲೆ ಹಳದಿಗೆ ತಿರುಗಿ ಒಣಗತೊಡಗಿದ ಮೇಲೆ ಅಗೆಯುವುದು. ಅಗೆದ ಬೇರನ್ನು ತೊಳೆದು, ಎಳೆಬೇರುಗಳನ್ನು ಸವರಿ, ಬೆರಳುದ್ದದ ತುಂಡುಗಳಾಗಿ ಕತ್ತರಿಸಿ ಒಣಗಿಸಿ, ಮೇಲಿನ ಹೊಟ್ಟು ಉದುರುವಂತೆ ಉಜ್ಜುವುದು. ಇಷ್ಟಾದ ಬಳಿಕ ಅದು ಮಾರಾಟಕ್ಕೆ ಸಿದ್ಧ. ಹಲ್ಲುಪುಡಿಯ ಡಬ್ಬಿಯ ಮೇಲೆ ಋಷಿಯ ಚಿತ್ರವನ್ನೋ ಆಶ್ರಮದ ಚಿತ್ರವನ್ನೋ ಅಚ್ಚು ಹಾಕಿಸುವವರು, ಮೊಣಕಾಲು ಕೆಸರಿನಲ್ಲಿ ನಿಂತ ಈ ಒಕ್ಕಲಿನ ಚಿತ್ರವನ್ನು ಹಾಕಿಸಿದ್ದು ಕಾಣುವುದು ಅಪರೂಪ.

ಗಿಡಮೂಲಿಕೆಗಳ ಹಲ್ಲುಪುಡಿ ಕನ್ನಡಿಗರಿಗೆ ಹೊಸದೇನೂ ಅಲ್ಲ. ವೈದ್ಯ ಬಿ. ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ರಸಬಾಳೆಯಷ್ಟೇ ಹಲ್ಲುಪುಡಿಯೂ ನಂಜನಗೂಡಿಗೆ ಕೀರ್ತಿಯನ್ನು ತಂದಿತು. ಅದಕ್ಕಿಂತ ಬಹಳ ಹಿಂದಿನ ಸುಶ್ರುತ ಸಂಹಿತೆಯಲ್ಲಿ ದಂತಧಾವನಕ್ಕೆ ಕಹಿ ರಸದ ಗಿಡಗಳಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಹೇಳಿದೆ; ಕಡ್ಡಿ ಹನ್ನೆರಡು ಅಂಗುಲ ಉದ್ದವೂ ಕಿರುಬೆರಳಿನ ದಪ್ಪವೂ ಇರಬೇಕೆಂದು ಅಳತೆಯನ್ನು ಸಹ ಕೊಟ್ಟಿದೆ. ಈ ಪಟ್ಟಿಯಲ್ಲಿ ಬಜೆಯ ಹೆಸರಿಲ್ಲ. ಇದು ಬಜೆಯ ಹೀನತೆಯಲ್ಲ. ದಿನನಿತ್ಯ ತಿಕ್ಕಿ ಉಗುಳುವ ವಸ್ತು ಬೇರೆ, ಮದ್ದಾಗಿ ಅಳೆದು ಬಳಸುವ ವಸ್ತು ಬೇರೆ ಎಂಬ ವಿವೇಚನೆ ಬಚ್ಚಲಿಗೂ ಬಾಣಂತಿಯ ಕೋಣೆಗೂ ನಡುವೆ ಮೊದಲಿನಿಂದಲೂ ಇದ್ದಿತೆಂದು ತಿಳಿಯಬಹುದು.

ಈಚಿನ ದಶಕಗಳಲ್ಲಿ ಈ ಗಡಿ ಅಳಿಸಿಹೋಗುತ್ತಿದೆ. ಪೇಟೆಯ ಹಲವು ಗಿಡಮೂಲಿಕೆ ಹಲ್ಲುಪುಡಿಗಳ ಮತ್ತು ಪೇಸ್ಟುಗಳ ವಸ್ತುಪಟ್ಟಿಯಲ್ಲಿ ಲವಂಗ, ಪುದೀನ, ಕರ್ಪೂರಗಳ ಜೊತೆಗೆ ವಚಾ ಎಂಬ ಹೆಸರೂ ಕಾಣಿಸಿಕೊಳ್ಳುತ್ತದೆ. ಅದರ ಪರಿಮಳ ಒಳ್ಳೆಯದು. ಖಾರ ಗುಣದಿಂದ ಬಾಯಲ್ಲಿ ಜೊಲ್ಲು ಊರುತ್ತದೆ, ಜೊಲ್ಲು ಊರುವುದು ಹಲ್ಲಿಗೆ ಹಿತವೇ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬಜೆಯ ತೈಲವು ಹಲವು ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದೂ ನಿಜ. ಇಷ್ಟನ್ನು ಒಪ್ಪಿಕೊಂಡ ಮೇಲೆ, ಒಪ್ಪಿಕೊಳ್ಳಲು ಕಷ್ಟವಾದ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ.

ಬಜೆಯ ತೈಲದಲ್ಲಿ ಬೀಟಾ ಅಸರೋನ್ ಎಂಬ ದ್ರವ್ಯವಿದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳಲ್ಲಿ, ಜಮ್ಮುವಿನ ಬಜೆಯ ತೈಲವನ್ನು ದೀರ್ಘಕಾಲ ಆಹಾರದಲ್ಲಿ ಬೆರೆಸಿ ತಿನ್ನಿಸಿದ ಇಲಿಗಳ ಕರುಳಿನಲ್ಲಿ ಮಾರಕ ಗೆಡ್ಡೆಗಳು ಕಂಡುಬಂದುವು. ಅದನ್ನು ಅನುಸರಿಸಿ 1968ರಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತವು ಆಹಾರಪದಾರ್ಥಗಳಲ್ಲಿ ಬಜೆಯನ್ನೂ ಅದರ ತೈಲವನ್ನೂ ಸಾರವನ್ನೂ ಬಳಸಕೂಡದೆಂದು ನಿಷೇಧಿಸಿತು. ಆ ನಿಷೇಧ ಇಂದಿಗೂ ಜಾರಿಯಲ್ಲಿದೆ. ಯುರೋಪಿನ ಒಕ್ಕೂಟವೂ ಈ ದ್ರವ್ಯವನ್ನು ಬೇರ್ಪಡಿಸಿ ಆಹಾರಕ್ಕೆ ಸೇರಿಸುವುದನ್ನು ತಡೆದಿದ್ದು, ಮದ್ಯಗಳಲ್ಲಿ ಸಹಜವಾಗಿ ಬರುವ ಅಂಶಕ್ಕೂ ಮಿತಿಯನ್ನು ಹಾಕಿದೆ. ಇಲಿಗಳಿಗೆ ಉಣಿಸಿದ ಪ್ರಮಾಣ ಬಹಳ ಹೆಚ್ಚಿನದು, ಹಲ್ಲುಪುಡಿಯಲ್ಲಿ ಬಾಯಿಗೆ ಹೋಗುವುದು ಅತ್ಯಲ್ಪ, ಅದರಲ್ಲಿಯೂ ಬಹುಪಾಲು ಉಗುಳಿಹೋಗುತ್ತದೆ ಎಂಬ ಸಮಾಧಾನದ ಮಾತು ಸುಳ್ಳಲ್ಲ. ಆದರೆ ದಿನಕ್ಕೆ ಎರಡು ಸಲದಂತೆ ವರ್ಷಗಟ್ಟಲೆ ಬಳಸುವ ವಸ್ತುವಿದು. ಚಿಕ್ಕ ಮಕ್ಕಳು ಉಗುಳುವುದಕ್ಕಿಂತ ನುಂಗುವುದೇ ಹೆಚ್ಚು ಎಂಬುದನ್ನು ಮನೆಯಲ್ಲಿ ಮಗುವಿದ್ದವರೆಲ್ಲರೂ ಬಲ್ಲರು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ದೇಶಗಳ ಬಜೆಯೂ ಒಂದೇ ಅಲ್ಲ. ಉತ್ತರ ಅಮೆರಿಕದ ಬಜೆಯ ಜೀವಕೋಶದಲ್ಲಿ ವರ್ಣತಂತುಗಳ ಎರಡು ಜೊತೆಗಳಿವೆ. ಅದರಲ್ಲಿ ಬೀಟಾ ಅಸರೋನ್ ಇಲ್ಲವೆಂದೇ ಹೇಳಬೇಕು. ಯುರೋಪಿನದರಲ್ಲಿ ಮೂರು ಜೊತೆಗಳು. ಆ ದ್ರವ್ಯ ಸ್ವಲ್ಪವಷ್ಟೆ. ಭಾರತದಲ್ಲಿ ಹೆಚ್ಚಾಗಿ ಬೆಳೆಯುವ ನಾಲ್ಕು ಜೊತೆಗಳ ಬಜೆಯ ತೈಲದಲ್ಲಿ ಬಹುಪಾಲು ಅದೇ. ಆದುದರಿಂದ ಯುರೋಪಿನಲ್ಲಿಯೂ ಹಿಂದೆ ಹಲ್ಲುಪುಡಿಗೆ ಬಜೆಯನ್ನು ಬಳಸುತ್ತಿದ್ದರು ಎಂಬ ಸಮರ್ಥನೆ ಕೊರಟಗೆರೆಯ ಬಜೆಗೆ ಹೊಂದುವುದಿಲ್ಲ. ಹೆಸರು ಒಂದಾದರೂ ಒಳಗಿನ ಸರಕು ಬೇರೆ.

ಆಯುರ್ವೇದದ ಆಚಾರ್ಯರು ಈ ರಸಾಯನದ ಹೆಸರನ್ನು ಕೇಳಿರಲಿಲ್ಲ. ಆದರೆ ಬಜೆಯನ್ನು ಹಸಿಯಾಗಿ ನೇರವಾಗಿ ಬಳಸುವುದಕ್ಕೆ ಅವರು ಹಿಂಜರಿದರು. ಬಜೆಯನ್ನು ಗೋಮೂತ್ರದಲ್ಲಿ, ಅನಂತರ ಮುಂಡಿಯ ಕಷಾಯದಲ್ಲಿ, ಅನಂತರ ಪಂಚಪಲ್ಲವಗಳ ಕಷಾಯದಲ್ಲಿ ಬೇಯಿಸಿ, ಕಡೆಗೆ ಸುಗಂಧದ್ರವ್ಯಗಳ ಉಗಿಯನ್ನು ಕೊಟ್ಟು ಶೋಧಿಸುವ ವಿಧಿ ವೈದ್ಯಗ್ರಂಥಗಳಲ್ಲಿದೆ. ಇಷ್ಟು ಶ್ರಮದ ಸಂಸ್ಕಾರವನ್ನು ಯಾರೂ ನಿರಪಾಯವಾದ ಸೊಪ್ಪುಸದೆಗೆ ವಿಧಿಸುವುದಿಲ್ಲ. ಪರಂಪರೆಯ ಹೆಸರಿನಲ್ಲಿ ಹಲ್ಲುಪುಡಿಯನ್ನು ಮಾರುವವರು ಪರಂಪರೆಯ ಈ ಭಾಗವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದರೆ ಅದನ್ನು ಅರ್ಧ ಪರಂಪರೆ ಎನ್ನದೆ ಗತ್ಯಂತರವಿಲ್ಲ. ಡಬ್ಬಿಯಲ್ಲಿರುವುದು ಶೋಧಿತ ಬಜೆಯೇ, ಅದರಲ್ಲಿ ಅಸರೋನಿನ ಅಂಶ ಎಷ್ಟು, ಯಾವ ವಯಸ್ಸಿನ ಮಕ್ಕಳಿಗೆ ಕೊಡಬಾರದು ಎಂಬ ಮೂರು ಸಂಗತಿಗಳನ್ನು ಸಾಮಾನ್ಯನಿಗೆ ಓದಲು ಬರುವಂತೆ ಕನ್ನಡದಲ್ಲಿ ಅಚ್ಚು ಮಾಡಿಸುವುದು ಕಾರ್ಖಾನೆಯವರಿಗೆ ಹೊರೆಯಾಗಲಾರದು. ಮುದುಕಿಯ ಕಲ್ಲಿನ ಮೇಲೆ ಇದ್ದ ಸುತ್ತಿನ ಲೆಕ್ಕಕ್ಕೆ ಕಾರ್ಖಾನೆಯಲ್ಲಿ ಸಮನಾದುದು ಈ ಪರೀಕ್ಷೆಯೇ.

ಗಿಡದಿಂದ ಬಂದದ್ದು ಎಂಬುದೇ ಒಂದು ಗುಣ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಹೊಗೆಸೊಪ್ಪು ಗಿಡವಲ್ಲವೆ? ಹೊಗೆಸೊಪ್ಪನ್ನು ಬೆರೆಸಿದ ಹಲ್ಲುಪುಡಿಗಳು ಈ ದೇಶದಲ್ಲಿ ಬಹುಕಾಲ ಮನೆಮನೆಗೂ ಹೋದುವು. ಹಲ್ಲುನೋವು ಕಡಮೆಯಾಗುತ್ತದೆಂದು ಉಜ್ಜತೊಡಗಿದ ಹೆಂಗಸರು ಮಕ್ಕಳು ಅದಕ್ಕೇ ಅಂಟಿಕೊಂಡರು. ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ಹೊಗೆಸೊಪ್ಪನ್ನು ಬಳಸಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಬೇಕಾಯಿತು. ಕರಾವಳಿಯ ಮತ್ತು ಮಲೆನಾಡಿನ ಬದುಕಿಗೆ ಆಧಾರವಾಗಿರುವ ಅಡಕೆಯ ವಿಚಾರವಂತೂ ಇನ್ನೂ ಕಷ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅಡಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ತಾಂಬೂಲದ ತಟ್ಟೆಯ ಗೌರವವನ್ನು ಬಲ್ಲ ಮನೆಗಳಲ್ಲಿ ಈ ಮಾತನ್ನು ಕೇಳುವುದು ಹಿತವಲ್ಲ. ಹಿತವಲ್ಲವೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ.

ಇಂಥ ಸಂದರ್ಭಗಳಲ್ಲಿ ಪರದೇಶದವರ ಹುನ್ನಾರ ಎಂಬ ಕೂಗು ಏಳುವುದು ವಾಡಿಕೆ. 1995ರಲ್ಲಿ ಗಾಯ ಮಾಗಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟು ಕೊಟ್ಟಾಗ ಇಲ್ಲಿಯ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿತು; ಹಳೆಯ ಗ್ರಂಥಗಳ ಮತ್ತು ಲೇಖನಗಳ ಆಧಾರವನ್ನು ಮುಂದಿಟ್ಟು 1997ರಲ್ಲಿ ಅದು ರದ್ದಾಗುವಂತೆ ಮಾಡಿತು. ದೇಶಕ್ಕೆ ದೇಶವೇ ಹೆಮ್ಮೆಪಟ್ಟಿತು, ಹೆಮ್ಮೆ ಪಡತಕ್ಕದ್ದೇ. ಆದರೆ ಆ ಗೆಲುವು ಬಂದದ್ದು ಘೋಷಣೆಯಿಂದಲ್ಲ, ದಾಖಲೆಯಿಂದ. ಅರಿಶಿನದ ವಿಷಯದಲ್ಲಿ ಪರದೇಶದ ಕಚೇರಿಯ ನಿರ್ಣಯವನ್ನು ಸಂತೋಷದಿಂದ ಎತ್ತಿ ಹೇಳುವವರು ಬಜೆಯ ವಿಷಯದಲ್ಲಿ ಅದೇ ದೇಶದ 1968ರ ಎಚ್ಚರಿಕೆಯನ್ನು ಸದ್ದಿಲ್ಲದೆ ದಾಟಿಹೋಗುವುದು ನ್ಯಾಯವಲ್ಲ. ಒಪ್ಪದವರು ದಾಖಲೆಯಿಂದಲೇ ಉತ್ತರ ಕೊಡಲಿ.

ಬೇರೊಂದು ಬೇರಿನ ಉದಾಹರಣೆ ಇಲ್ಲಿ ಉಪಯುಕ್ತ. ಕರಾವಳಿಯ ಮುಸಲ್ಮಾನರ ಮನೆಗಳಲ್ಲಿ ಬಳಕೆಯಲ್ಲಿರುವ ಮಿಸ್ವಾಕ್ ಕಡ್ಡಿ ಸಾಲ್ವಡೋರಾ ಪರ್ಸಿಕಾ ಎಂಬ ಒಣಭೂಮಿಯ ಗಿಡದ ಬೇರು. ತುದಿಯನ್ನು ಜಗಿದರೆ ಅದೇ ಬ್ರಷ್ಷಿನಂತಾಗುತ್ತದೆ; ಪುಡಿಯೂ ಬೇಡ, ಪೇಸ್ಟೂ ಬೇಡ. ಅದರ ನಾರು ಹಲ್ಲಿನ ಮೇಲಿನ ಪೊರೆಯನ್ನು ಉಜ್ಜಿ ತೆಗೆಯುತ್ತದೆ, ಅದರೊಳಗಿನ ಗಂಧಕಯುಕ್ತ ದ್ರವ್ಯಗಳು ಸೂಕ್ಷ್ಮಾಣುಗಳನ್ನು ತಡೆಯುತ್ತವೆ. ಅರಬ್ ದೇಶಗಳ ದಂತವೈದ್ಯಶಾಲೆಗಳು ಅದನ್ನು ಧಾರ್ಮಿಕ ಗೌರವದಿಂದ ಕೈಮುಗಿದು ಬದಿಗಿಡಲಿಲ್ಲ. ಬ್ರಷ್ಷಿನೊಡನೆ ಹೋಲಿಸಿ, ಮನುಷ್ಯರ ಬಾಯಲ್ಲಿಯೇ ಮತ್ತೆ ಮತ್ತೆ ಪರೀಕ್ಷಿಸಿದುವು. ಅದರ ಬಳಕೆ ರೂಢಿಯಲ್ಲಿರುವ ಕಡೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಪ್ರೋತ್ಸಾಹಿಸಿದೆ. ಉಡುಪಿ ಜಿಲ್ಲೆಯಲ್ಲಿ 1958ರಿಂದ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜಿದೆ, 1965ರಿಂದ ಮಣಿಪಾಲದಲ್ಲಿ ದಂತವೈದ್ಯಕೀಯ ಕಾಲೇಜಿದೆ. ಇವೆರಡರ ನಡುವಿನ ದೂರ ಕೆಲವೇ ಮೈಲಿ. ಬಜೆಯನ್ನು ಸೇರಿಸಿದ ಹಲ್ಲುಪುಡಿಯಿಂದ ಒಸಡಿಗೆ ಏನಾಗುತ್ತದೆ, ನುಂಗಿದರೆ ಏನಾಗುತ್ತದೆ ಎಂಬುದನ್ನು ಈ ಎರಡು ಶಾಸ್ತ್ರಗಳ ಪಂಡಿತರು ಒಂದೇ ಮೇಜಿನ ಮುಂದೆ ಕುಳಿತು ತೂಗುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ನಾಡಿನಲ್ಲಿ ದೊರೆಯುವುದು ಕಷ್ಟ.

ಹಲ್ಲು ಹುಳುಕಾಗುವ ಕ್ರಮವನ್ನೂ ಶಾಲೆಗಳಲ್ಲಿ ಸ್ಪಷ್ಟವಾಗಿ ಕಲಿಸಬೇಕಾಗಿದೆ. ಹುಳುಕು ಎಂಬ ಪದವೇ ಮಕ್ಕಳನ್ನು ದಾರಿತಪ್ಪಿಸುತ್ತದೆ, ಹಲ್ಲಿನಲ್ಲಿ ಹುಳುವಿಲ್ಲ. ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ, ಆ ಹುಳಿ ಹಲ್ಲಿನ ಹೊರಕವಚದ ಸುಣ್ಣದಂಶವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಸ್ವಲ್ಪಮಟ್ಟಿಗೆ ಮತ್ತೆ ತುಂಬಿಕೊಡುತ್ತದೆ. ಫ್ಲೋರೈಡು ಈ ತುಂಬುವ ಕೆಲಸಕ್ಕೆ ಬಲ ಕೊಡುತ್ತದೆ. ಬಜೆ, ಲವಂಗ, ಬೇವು ಇವುಗಳಲ್ಲಿ ಯಾವುದೂ ಈ ಕೆಲಸದಲ್ಲಿ ಫ್ಲೋರೈಡಿನ ಸ್ಥಾನವನ್ನು ತುಂಬುವುದಾಗಿ ಸಿದ್ಧಪಡಿಸಿ ತೋರಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಫ್ಲೋರೈಡುಯುಕ್ತ ಪೇಸ್ಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ಇದಕ್ಕೊಂದು ಅಪವಾದವನ್ನೂ ಹೇಳದಿದ್ದರೆ ಮಾತು ಅಪೂರ್ಣ: ಬಜೆ ಬೆಳೆಯುವ ತುಮಕೂರು ಜಿಲ್ಲೆಯಲ್ಲಿಯೇ ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿ, ಮಕ್ಕಳ ಹಲ್ಲುಗಳ ಮೇಲೆ ಕಂದು ಮಚ್ಚೆಗಳಾಗಿವೆ. ಅಲ್ಲಿ ಮೊದಲು ಬೇಕಾದದ್ದು ಶುದ್ಧ ನೀರು. ಪೇಸ್ಟಿನ ವಿಚಾರದಲ್ಲಿ ದಂತವೈದ್ಯರ ಸಲಹೆಯಂತೆ ನಡೆಯಬೇಕು. ಅಲ್ಲಿಯೂ ಪ್ರಶ್ನೆ ಅಳತೆಯದೇ.

ಉಚಿತ ಪ್ರಸಾದನಿಲಯಗಳನ್ನು ನಡೆಸುವ ಸಂಸ್ಥೆಗಳಿಗೆ ಈ ವಿಚಾರ ಪುಸ್ತಕದ್ದಲ್ಲ, ಪ್ರತಿದಿನದ್ದು. ನೂರಾರು ಹುಡುಗರು ಹೊತ್ತಾರೆ ಒಂದೇ ಕೊಳಾಯಿಯ ಸಾಲಿನಲ್ಲಿ ನಿಂತು ಹಲ್ಲುಜ್ಜುವ ಸ್ಥಳಗಳು ಅವು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅಕ್ಕಿ ಬೇಳೆಗಳೊಡನೆ ಸಾಬೂನು, ಹಲ್ಲುಪುಡಿಗಳನ್ನೂ ಪೆಟ್ಟಿಗೆಗಟ್ಟಲೆ ಕಳುಹಿಸುವುದುಂಟು. ಅದರಲ್ಲಿಯೂ ಸ್ವದೇಶಿ ಎಂಬ ಅಭಿಮಾನದಿಂದ ಗಿಡಮೂಲಿಕೆಯದನ್ನೇ ಆರಿಸುತ್ತಾರೆ. ಅವರ ಔದಾರ್ಯಕ್ಕೆ ಕುಂದಿಲ್ಲ. ಆದರೂ ಕೊಡುವ ಮೊದಲು ಡಬ್ಬಿಯ ಹಿಂಭಾಗವನ್ನು ಒಮ್ಮೆ ಓದುವುದು, ಬಜೆಯಿದ್ದರೆ ಅದರ ಪ್ರಮಾಣವನ್ನು ಕಾರ್ಖಾನೆಯವರಿಗೆ ಕಾಗದ ಬರೆದು ಕೇಳುವುದು, ಉತ್ತರ ಬಾರದಿದ್ದರೆ ಆ ಡಬ್ಬಿಯನ್ನು ಚಿಕ್ಕ ತರಗತಿಯ ಮಕ್ಕಳಿಗೆ ಹಂಚದಿರುವುದು ವಿಹಿತ. ಬೆರಳಿನಿಂದ ಒರಟಾದ ಪುಡಿಯನ್ನು ಬಲವಾಗಿ ತಿಕ್ಕಿದರೆ ಹಲ್ಲಿನ ಕವಚ ಸವೆಯುತ್ತದೆ. ಉಮಿಕರಿಗೂ ಕೆಮ್ಮಣ್ಣು ಬೆರೆಸಿದ ಪುಡಿಗೂ ಈ ದೋಷ ಸಮಾನ. ಹುಡುಗನೊಬ್ಬನಿಗೆ ಒಂದು ಮೃದುವಾದ ಬ್ರಷ್ಷು, ಫ್ಲೋರೈಡುಳ್ಳ ಸಾದಾ ಪೇಸ್ಟು, ರಾತ್ರಿ ಊಟವಾದ ಮೇಲೆಯೂ ಹಲ್ಲುಜ್ಜಿಸುವ ಒಬ್ಬ ನಿಲಯಪಾಲಕರು, ಇಷ್ಟಿದ್ದರೆ ಸಾಕಷ್ಟು ದುಡ್ಡು ದಂತವೈದ್ಯರ ಕುರ್ಚಿಗೆ ಹೋಗುವುದು ತಪ್ಪುತ್ತದೆ. ಬಜೆಯ ಪರಿಮಳ ಬೇಕೆನ್ನುವ ವಯಸ್ಕರು ಶೋಧಿತ ಬಜೆಯಿಂದ ಮಾಡಿದ್ದನ್ನು ಮಿತವಾಗಿ ಬಳಸಿ ಉಗುಳಲಿ, ಆಕ್ಷೇಪವಿಲ್ಲ.

ಹಾಗಾದರೆ ಕೊರಟಗೆರೆಯ ಒಕ್ಕಲಿನ ಗತಿ? ಬಜೆಯ ವಿಷಯದಲ್ಲಿ ಇಂಥ ಎಚ್ಚರಿಕೆಯನ್ನು ಬರೆಯುವವರ ಮೇಲೆ, ಬಡ ರೈತನ ಅನ್ನಕ್ಕೆ ಕಲ್ಲು ಹಾಕಿದರೆಂಬ ಅಪವಾದ ಬರಬಹುದು. ವಸ್ತುಸ್ಥಿತಿ ಅದಕ್ಕೆ ವಿರುದ್ಧವಾಗಿದೆ. ಪರೀಕ್ಷೆಯಿಲ್ಲದ ಸರಕಿಗೆ ಪರದೇಶದ ಬಾಗಿಲು ಈಗಾಗಲೇ ಮುಚ್ಚಿದೆ. ಇಲ್ಲಿಯ ಪೇಟೆಯಲ್ಲಿ ಅದು ಗುಣದ ಮೇಲಲ್ಲ, ತೂಕದ ಮೇಲೆ ಮಾತ್ರ ಬಿಕರಿಯಾಗುತ್ತದೆ. ಅಸರೋನ್ ಕಡಮೆಯಿರುವ ತಳಿಯನ್ನು ಆರಿಸಿ ಬೆಳೆಸಿಕೊಟ್ಟರೆ ಅದೇ ಗದ್ದೆಯ ಅದೇ ಶ್ರಮಕ್ಕೆ ಬೇರೆಯೇ ಬೆಲೆ ಬಂದೀತು. ಇದು ರೈತ ಒಬ್ಬನೇ ಮಾಡುವ ಕೆಲಸವಲ್ಲ. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿ, 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಇಂಥ ಕೆಲಸಗಳಿಗಾಗಿಯೇ. ಬಜೆ ಬೀಜದಿಂದಲ್ಲದೆ ತುಂಡಿನಿಂದ ಬೆಳೆಯುವುದರಿಂದ, ಒಮ್ಮೆ ಒಳ್ಳೆಯ ತಳಿ ಕೈಗೆ ಬಂದರೆ ಅದು ಗದ್ದೆಯಿಂದ ಗದ್ದೆಗೆ ಗುಣ ಕೆಡದೆ ಹರಡುತ್ತದೆ.

ಮತ್ತೆ ಗುಲ್ವಾಡಿಯ ಕಡೆಗೆ ನೋಡಿದರೆ, ಕರಾವಳಿಯಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳಲ್ಲಿ ಮೂರು ಬಗೆ. ಕೆಳಗಿನ ಬೈಲುಗದ್ದೆಗಳಲ್ಲಿ ನೀರು ಬೇಗ ಬತ್ತುವುದಿಲ್ಲ. ಆಳು ಸಿಗದೆ, ಭತ್ತದ ಬೆಲೆ ಸಾಲದೆ, ಇವುಗಳಲ್ಲಿ ಎಷ್ಟೋ ಹಡಿಲು ಬಿದ್ದಿವೆ. 2021ರಲ್ಲಿ ಉಡುಪಿಯ ಸುತ್ತಿನಲ್ಲಿ ಹಡಿಲು ಭೂಮಿಯಲ್ಲಿ ಮತ್ತೆ ಭತ್ತ ಬೆಳೆಯುವ ಆಂದೋಲನವೇ ನಡೆಯಿತು. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಈ ಜಿಲ್ಲೆಯ ಕೆಸರುಗದ್ದೆಗಳು ಬಜೆಗೆ ಒಗ್ಗುವಂಥವೇ. ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದವರು ಕೆಲವು ಸೆಂಟ್ಸ್ ಗದ್ದೆಯಲ್ಲಿ ಬಜೆಯನ್ನು ನೆಟ್ಟು, ಬೇಸಗೆಯ ನೀರಿನ ಅಭಾವದಲ್ಲಿ ಅದು ಹೇಗೆ ನಿಲ್ಲುತ್ತದೆ, ಇಲ್ಲಿಯ ತೇವದ ಗಾಳಿಯಲ್ಲಿ ಬೇರು ಬೂಸಲು ಹಿಡಿಯದಂತೆ ಒಣಗಿಸುವುದು ಹೇಗೆ, ತೈಲದಲ್ಲಿ ಅಸರೋನ್ ಎಷ್ಟು ಎಂಬುದನ್ನು ನೋಡಿ ಹೇಳಬಹುದು.

ಅಲ್ಲಿಯ ತನಕ ರೈತರಿಗೆ ಆಸೆ ಹುಟ್ಟಿಸುವುದು ಬೇಡ. ವೆನಿಲ್ಲಾದ ಕಥೆಯನ್ನು ಕರಾವಳಿ ಮಲೆನಾಡುಗಳ ಜನರು ಇನ್ನೂ ಮರೆತಿಲ್ಲ. 2003ರ ಸುಮಾರಿಗೆ ಅದರ ಬೆಲೆ ಕಿಲೋಗ್ರಾಮಿಗೆ ಸಾವಿರಾರು ರೂಪಾಯಿಗೆ ಏರಿದಾಗ ಅಂಗಳದ ಮೂಲೆಯಲ್ಲಿಯೂ ಬಳ್ಳಿ ಹಬ್ಬಿಸಿದವರು, ಮುಂದಿನ ಎರಡು ಮೂರು ವರ್ಷಗಳಲ್ಲಿ ಕೊಳ್ಳುವವರೇ ಇಲ್ಲದೆ ಬಳ್ಳಿಯನ್ನು ಕಡಿದೆಸೆದರು. ಬಜೆಗಿರುವ ಬೇಡಿಕೆ ಅದಕ್ಕಿಂತ ಹಳೆಯದಾದರೂ ಸಣ್ಣದು. ಕೊಳ್ಳುವ ಕಾರ್ಖಾನೆಯೊಡನೆ ಬೆಲೆಯನ್ನು ಲಿಖಿತವಾಗಿ ಗೊತ್ತುಮಾಡಿಕೊಳ್ಳದೆ ಒಂದು ಗದ್ದೆಗೂ ಅದನ್ನು ಇಳಿಸಬಾರದು. ಮಟ್ಟುಗುಳ್ಳಕ್ಕೂ ಉಡುಪಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವ ಜಿಲ್ಲೆಯಲ್ಲಿ, ಊರಿನ ಹೆಸರು ಹೊತ್ತ ಸರಕಿಗೆ ಎಷ್ಟು ಕಟ್ಟುನಿಟ್ಟು ಬೇಕೆಂಬುದನ್ನು ಬೆಳೆಗಾರರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಶಾಲೆಗಳಿಂದ ಆಗಬಹುದಾದ ಕೆಲಸ ಇದಕ್ಕಿಂತ ಚಿಕ್ಕದು. ಬಚ್ಚಲಿನ ನೀರು ಹರಿದು ನಿಲ್ಲುವ ಮೂಲೆಯಲ್ಲಿ ಬಜೆಯ ನಾಲ್ಕು ತುಂಡು ನೆಟ್ಟರೆ ಒಂದು ಮಳೆಗಾಲದಲ್ಲಿ ಕತ್ತಿಯಂಥ ಎಲೆಗಳು ಎದ್ದು ನಿಲ್ಲುತ್ತವೆ. ವಿಜ್ಞಾನದ ಉಪಾಧ್ಯಾಯರು ಎಲೆಯೊಂದನ್ನು ಹಿಸುಕಿ ಹುಡುಗರಿಗೆ ಮೂಸಲು ಕೊಡಲಿ. ಅದರ ಎದುರಿಗೇ ಪೇಟೆಯ ಹಲ್ಲುಪುಡಿಯ ಡಬ್ಬಿಯನ್ನು ಇರಿಸಿ, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಲಿ. ಯಾವ ವಸ್ತುವಿನ ಮುಂದೆ ತೂಕ ಬರೆದಿದೆ, ಯಾವುದರ ಮುಂದೆ ಬರೆದಿಲ್ಲ ಎಂಬುದನ್ನು ಕರಿಹಲಗೆಯ ಮೇಲೆ ಗುರುತುಹಾಕಿಸಲಿ. ತೂಕ ಬರೆಯದ ಕಾರ್ಖಾನೆಗೆ ಬರೆಯಬೇಕಾದ ಕಾಗದವನ್ನು ಆ ತರಗತಿಯ ಮಕ್ಕಳೇ ಕನ್ನಡದಲ್ಲಿ ಬರೆಯಬಹುದು.